ಶ್ರಮದಾನದ ಗುಂಡಿಗಳು

ಜುಲೈ ೧೪, ಸೋಮವಾರ, ಬೆಳಿಗ್ಗೆ ಹತ್ತೂವರೆ. ಎರಡು ದಿನದ ಬಂದೋಬಸ್ತು ಮುಗಿಸಿ ಬಂದ ಇನ್‌ಸ್ಪೆಕ್ಟರ್ ಶಿವಯೋಗಿ ಹಳಿಯಾಳದ ಠಾಣೆಯಲ್ಲಿ ಆಗಷ್ಟೇ ಬೂಟು ಸಡಿಲಿಸಿದ್ದರು. ದೂರು ಬಂತು. ಕೊಲೆಯಲ್ಲ, ಕಳ್ಳತನವಲ್ಲ, ಸಸಿ ಕಿತ್ತ ದೂರು. ಪೊಲೀಸರ ಹಣೆಬರಹದಲ್ಲಿ ಇದೊಂದು ಬಾಕಿ ಇತ್ತು.

ದೂರು ತಂದವಳು ದಾಂಡೇಲಿಯ ಬಂಗೂರನಗರದ ಸಹನಾ. ದೇಶದ ತುಂಬ ಶಾಖೆಗಳಿರುವ, ಸಂಬಳವಿಲ್ಲದ ಸ್ವಯಂಸೇವಕರೇ ನಡೆಸುವ ಪರಿಸರ ಸಂಸ್ಥೆಯೊಂದರ ಸಂಚಾಲಕಿ. ಹಳಿಯಾಳದ ಕಾಡಂಚಿನ ಸಣ್ಣ ಊರೊಂದರ ಪಾಳು ಜಾಗದಲ್ಲಿ, ಪಂಚಾಯಿತಿಯ ಒಪ್ಪಿಗೆ ಪಡೆದು, ಜುಲೈ ೬ರ ಭಾನುವಾರ ಶ್ರಮದಾನ ಮಾಡಿದ್ದರು. ಕಸ ಬಳಿದು, ಗುಂಡಿ ತೋಡಿ, ನೇರಳೆ, ಹೊನ್ನೆ ನೆಟ್ಟಿದ್ದರು. ವಾರದೊಳಗೆ ಒಂದೂ ಉಳಿದಿರಲಿಲ್ಲ. ದನ ಕಾಯುವವರ ಮೇಲೆ ಸಂಶಯ ಎಂದಳು. ಎಫ್‌ಐಆರ್ ಆಯಿತು.

ಮಧ್ಯಾಹ್ನ ಮಹಿಳಾ ಕಾನ್‌ಸ್ಟೇಬಲ್ ನಿರ್ಮಲಾಳನ್ನು ಕರೆದುಕೊಂಡು ಶಿವಯೋಗಿ ಪಂಚನಾಮೆಗೆ ಹೋದರು. ಸಹನಾಳೂ ಬಂದಳು. ಗುಂಡಿಗಳನ್ನೆಲ್ಲ ಯಾರೋ ಮುಚ್ಚಿದ್ದರು. ಪ್ರತಿಯೊಂದರ ಮೇಲೂ ಕಲ್ಲು, ಮುಳ್ಳುಕಂಟಿ. ಕಿತ್ತ ಸಸಿಗಳು ಮಾವಿನ ಮರದ ನೆರಳಿನಲ್ಲಿ ಸಾಲಾಗಿ ನಿಂತಿದ್ದವು, ಬೇರಿಗೆ ಹಸಿ ಗೋಣಿ ಸುತ್ತಿಸಿಕೊಂಡು.

“ಹೊಟ್ಟೆಕಿಚ್ಚಿನವ ಕಿತ್ತು ಒಗೀತಾನ,” ಎಂದರು ಶಿವಯೋಗಿ. “ಗೋಣಿ ಸುತ್ತಿ ಇಡತಾನೇನು?”

ಕಲ್ಲು ಮುಳ್ಳು ಎಲ್ಲಿಂದ ಬಂದವು ಎಂದು ಕೇಳಿದರು. ಮೊದಲಿಂದಲೂ ಅಲ್ಲೇ ಹರಡಿಕೊಂಡಿದ್ದವು, ತಾವೇ ಬಳಿದು ಮೂಲೆಗೆ ಒಟ್ಟಿದ್ದೆವು ಎಂದಳು ಸಹನಾ.

ಊರೊಳಗೆ ಯಾರೂ ಬಾಯಿಬಿಡಲಿಲ್ಲ. ಸುತ್ತಿ ಸುತ್ತಿ ಸಾಕಾಗಿ ಒಂದು ಮನೆಯ ಕಟ್ಟೆಯ ಮೇಲೆ ಕುಳಿತಾಗ ಕಾಳಿಬಾಯಿ ಎಂಬ ಹೆಂಗಸು ನೀರು ತಂದಳು. ಅವಳ ಅಂಗೈ ತುಂಬ ಅರಿಶಿನ ಮೆತ್ತಿತ್ತು.

“ಕೈಗೇನಾತವ್ವಾ?” ಎಂದರು ಶಿವಯೋಗಿ.

“ಮುಳ್ಳು ಚುಚ್ಚ್ಯಾವ್ರಿ. ಸಸಿ ನಾನ ಕಿತ್ತೇನಿ.”

“ಯಾಕ?”

“ಅದು ನಮ್ಮೂರಾಗ ಕೂಸು ಹುಗಿಯೂ ಜಾಗಾರಿ. ನನ್ನ ಕೂಸೂ ಅಲ್ಲೇ ಐತಿ.”

ಎಳೆಗೂಸು ತೀರಿದರೆ ಆ ಊರಿನವರು ಸುಡುವುದಿಲ್ಲ. ಹುಗಿದು, ನರಿ ನಾಯಿ ಕೆದರದಂತೆ ಮೇಲೆ ಕಲ್ಲು ಮುಳ್ಳು ಹೇರುತ್ತಾರೆ. ಬೇರೆ ಗುರುತಿಲ್ಲ, ಪಂಚಾಯಿತಿಯ ಕಾಗದದಲ್ಲೂ ಅದು ಪಾಳು ಜಾಗವೇ. ತನ್ನ ಕೂಸಿನ ಕಲ್ಲು ಯಾವುದೆಂದು ಹೆತ್ತವಳಿಗೆ ಮಾತ್ರ ಗೊತ್ತು. ಶ್ರಮದಾನದವರು ಕಸವೆಂದು ಬಳಿದದ್ದು ಅದನ್ನೇ. ಆ ಭಾನುವಾರ ಊರಿಗೆ ಊರೇ ಭತ್ತದ ನಾಟಿಗೆ ಹೋಗಿತ್ತು, ತಡೆಯುವವರಿರಲಿಲ್ಲ. ಕಾಳಿಬಾಯಿ ಮುಂಡಗೋಡದ ತವರಿನಲ್ಲಿದ್ದಳು.

ಸಹನಾ ಕಟ್ಟೆಗೆ ಒರಗಿ ಅತ್ತಳು. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದಳು.

“ಎಫ್‌ಐಆರ್ ಆಗೇತಿ ತಂಗಿ. ಇನ್ನ ಏನಿದ್ರೂ ಕೋರ್ಟಿನ್ಯಾಗ ಹೇಳ್ರಿ,” ಎಂದರು ಶಿವಯೋಗಿ. ಹೇಳುವಾಗ ಅವರಿಗೇ ನಾಚಿಕೆಯಾಯಿತು. ಸತ್ತ ಕೂಸಿನ ತಾಯಿಯನ್ನು ಜೀಪು ಹತ್ತಿಸುವುದಕ್ಕೇನಾ ಈ ನೌಕರಿ ಅನ್ನಿಸಿತು.

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಜಾಮೀನು ಸಿಗುವ ಕೇಸು, ಕತ್ತಲಾಗುವುದರೊಳಗೆ ಮನೆಗೆ ಕಳಿಸುತ್ತೇವೆ ಎಂದು ನಿರ್ಮಲಾ ಅವಳಿಗೆ ಚಹಾ ಕೊಟ್ಟಳು. ಹೇಳಿಕೆ ಬರೆದುಕೊಳ್ಳುತ್ತಿದ್ದ ಶಿವಯೋಗಿ ಒಂದು ಕಡೆ ಪೆನ್ನು ನಿಲ್ಲಿಸಿದರು.

“ನಿನ್ನ ಕೂಸಿನ ಜಾಗಾ ಒಂದ. ಉಳಿದ ಗುಂಡಿ ಯಾಕ ಮುಚ್ಚಿದಿ?”

“ನನ್ನ ಕಲ್ಲು ಎತ್ತಿ ಮೂಲ್ಯಾಗ ಒಗದಾರ್ರಿ ಸಾಹೇಬ್ರ. ಕೂಸು ಯಾವದರಾಗೈತಿ ಅಂತ ನನಗೂ ಗೊತ್ತಾಗಲಿಲ್ಲ. ಅದಕ್ಕ ಎಲ್ಲಾನೂ ಮುಚ್ಚೇನಿ.”