ಕೆಂಪು ತೊಳೆದ ಮೇಲೆ

"ನನ್ನ ಮಕ್ಕಳು ಬೆಳೀದೇ ಇರೋದಕ್ಕೆ ನಿಮ್ಮ ಕೈಗುಣವೇ ಕಾರಣ!"

ಅವಳು ಅವನಿಗೆ ಆಡಿದ ಮೊದಲ ಮಾತು ಇದು.

ಮಕ್ಕಳೆಂದರೆ ಪ್ರಯೋಗಾಲಯದ ಹನ್ನೆರಡು ಬಾಟಲಿಗಳಲ್ಲಿದ್ದ ಕ್ಯಾರೆಟ್ ಜೀವಕೋಶಗಳು. ಅವು ಭ್ರೂಣಗಳಾಗಬೇಕಿತ್ತು. ಹತ್ತು ದಿನದಿಂದ ಮಿಸುಕಿರಲಿಲ್ಲ. ತಿಂಗಳ ಕೊನೆಗೂ ಹೀಗೇ ಇದ್ದರೆ ಪ್ರೊಫೆಸರ್ ಅವನ್ನೂ ಅವಳ ಮೂರು ವರ್ಷಗಳನ್ನೂ ಒಂದೇ ಬಕೆಟ್ಟಿಗೆ ಸುರಿಯುವವರಿದ್ದರು.

ಅವನು ಆ ಕೋಶಗಳಿಗೆ ಪೋಷಕ ದ್ರವ ತಯಾರಿಸುವವನು. ಎಲ್ಲರ ಬಾಯಲ್ಲೂ 'ಬಾಣಸಿಗ'. ಎರಡು ವರ್ಷದಿಂದ ದಿನವೂ ಅವಳ ಮೇಜಿಗೆ ಬರುತ್ತಿದ್ದ. ಸೂಕ್ಷ್ಮದರ್ಶಕದಲ್ಲಿ ಕೂದಲೆಳೆಗಿಂತ ಸಣ್ಣದನ್ನೂ ಕಾಣುತ್ತಿದ್ದ ಅವಳಿಗೆ ಆರಡಿ ಮನುಷ್ಯ ಮಾತ್ರ ಕಂಡಿರಲಿಲ್ಲ.

"ಅದೇ ದ್ರವದಲ್ಲಿ ಪಕ್ಕದ ಮೇಜಿನವು ಬೆಳೀತಿವೆ," ಎಂದ ಮೆಲ್ಲಗೆ. "ನಿಮ್ಮವು ಯಾಕೆ ಕೆಂಪಗಿವೆ?"

"ಬಣ್ಣ ಹಾಕಿದೀನಿ. ಕೋಶದ ಮೈಮೇಲೆ ಒಂದು ಪ್ರೋಟೀನ್ ಇದ್ರೇನೇ ಭ್ರೂಣ ಆಗೋದು. ಇದೆಯಾ ಅಂತ ನೋಡ್ಬೇಕಿತ್ತು."

"ಹನ್ನೆರಡಕ್ಕೂ?"

"ನಂಗೆ ಕಾಯೋಕೆ ಬರಲ್ಲ. ಬಾಣಸಿಗರು ಒಲೆ ನೋಡ್ಕೊಂಡ್ರೆ ಸಾಕು."

ಮರುದಿನದಿಂದ ಅವನು ದ್ರವ ತರುವ ಟ್ರಾಲಿ ಬಾಗಿಲಾಚೆಯೇ ನಿಲ್ಲತೊಡಗಿತು. ಅದರಲ್ಲಿ ದಿನವೂ ಅವಳು ಕೇಳದ ಹನ್ನೆರಡು ಬಾಟಲಿ ಹೊಸ ದ್ರವ, ಒಂದು ಚೀಟಿ: 'ತೊಳೆಯಬೇಕು ಅನ್ನಿಸಿದರೆ.'

ಮೂರು ದಿನ ಬಿಗುಮಾನ ಗೆದ್ದಿತು. ನಾಲ್ಕನೆಯ ದಿನ ಹಳೆಯ ವರದಿಯೊಂದು ಅವಳ ಕೈಗೆ ಸಿಕ್ಕಿತು... ಆ ಬಣ್ಣ ಪ್ರೋಟೀನನ್ನು ತೋರಿಸುವುದಷ್ಟೇ ಅಲ್ಲ, ಹಿಡಿದೇ ಇಟ್ಟುಕೊಳ್ಳುತ್ತದೆ. ಹಿಡಿದಲ್ಲಿಗೆ ಬೆಳವಣಿಗೆ ನಿಲ್ಲುತ್ತದೆ. ತೊಳೆದರೆ ಮತ್ತೆ ಶುರುವಾಗಬಹುದು.

ಅಯ್ಯೋ... ಕತ್ತು ಹಿಡಿದವಳೂ ನಾನೇ, ಯಾಕೆ ಉಸಿರಾಡ್ತಿಲ್ಲ ಅಂತ ಕೂಗಾಡಿದವಳೂ ನಾನೇ.

ಅವನು ಕಳಿಸಿದ ದ್ರವದಲ್ಲೇ ಮೂರು ಮೂರು ಸಲ ತೊಳೆದಳು. ತಿಂಗಳ ಕೊನೆಯ ಬೆಳಗ್ಗೆ ಬಾಗಿಲಾಚೆ ಹೋಗಿ ಟ್ರಾಲಿ ಹಿಡಿದು ನಿಲ್ಲಿಸಿದಳು.

"ಒಳಗೆ ಬಂದು ನೋಡಿ."

ಅವನು ಬಗ್ಗಿ ನೋಡಿದ. "ಹೃದಯದ ಥರ ಇದೆ."

"ಭ್ರೂಣದ ಆ ಹಂತಕ್ಕೆ ಹೆಸರೇ ಅದು. ನಾನು ಇಟ್ಟಿದ್ದಲ್ಲ." ಅವಳ ದನಿ ಇಳಿಯಿತು. "ತಪ್ಪು ನನ್ನದು."

"ಗೊತ್ತಿತ್ತು."

"ಬೈಸ್ಕೊಂಡೂ ದಿನಾ ಯಾಕೆ ಕಳಿಸ್ತಿದ್ರಿ?"

ಅವನು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕಿವಿ ಮಾತ್ರ ಕೆಂಪಾಯಿತು. ಇನ್ನೊಂದು ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಈ ಸಲ ಇದೆಯಾ ಅಂತ ನೋಡೋಕೆ ಬಣ್ಣ ಹಾಕೋದು ಬೇಡ...

"ಈಗಲೇ ಹೇಳ್ಬೇಕಿಲ್ಲ. ಕಾಯ್ತೀನಿ."

"ನಿಮಗೆ ಕಾಯೋಕೆ ಬರಲ್ವಲ್ಲ?"

"ಕಲೀತೀನಿ."

ಅವನು ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕುಳಿತ.

"ನಾನು ಹೇಳ್ಕೊಡ್ತೀನಿ. ಎರಡು ವರ್ಷದ ಅನುಭವ ಇದೆ."