ಬಾಟಲಿಯ ಬಾಯಲ್ಲಿ ಕೂತ ಆರ್ಕಿಡ್

ಡಾಕ್ಟರಮ್ಮ ಆರ್ಕಿಡ್ ಗಿಡವನ್ನು ಕುಂಡದಿಂದ ಸ್ವಲ್ಪ ಮೇಲಕ್ಕೆ ಎತ್ತಿದರು ಅಷ್ಟೇ, ಇಡೀ ಗಿಡ ಕೈಗೇ ಬಂದುಬಿಟ್ಟಿತು.

“ಅಯ್ಯೋ! ಇದಕ್ಕೆ ಬೇರೇ ಇಲ್ವಲ್ಲ!”

ಬೇರು ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ನಾಲ್ಕು ಲೊಳಲೊಳ ದಾರಗಳು ಜೋತಾಡುತ್ತಿದ್ದವು. ಕುಂಡದಿಂದ ಕೊಳೆತ ವಾಸನೆ ಗಪ್ಪೆಂದು ಬಂತು. ಕೌಂಟರಿನ ಹಿಂದೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಯಾಕಮ್ಮನ ಪೆನ್ಸಿಲ್ ನಿಂತುಹೋಯಿತು.

ಯಾಕಮ್ಮ ಅನ್ನುವುದು ಅವಳ ನಿಜವಾದ ಹೆಸರಲ್ಲ. ಬೆಳಗ್ಗೆ ಕಣ್ಣು ಬಿಟ್ಟಾಗಿನಿಂದ “ಯಾಕೆ? ಯಾಕೆ?” ಎಂದು ಎಲ್ಲರ ತಲೆ ತಿನ್ನುತ್ತಾಳೆ ಅಂತ ಅಮ್ಮ ಇಟ್ಟ ಹೆಸರು. ಅಮ್ಮನಿಗೆ ಈ ಹಲ್ಲಿನ ಕ್ಲಿನಿಕ್ಕಿನಲ್ಲೇ ಕೆಲಸ. ಫೋನ್ ಎತ್ತುವುದು, ಚೀಟಿ ಬರೆಯುವುದು, ಹೆದರಿದ ಪೇಷಂಟುಗಳಿಗೆ ಧೈರ್ಯ ಹೇಳುವುದು, ಎಲ್ಲ ಅವಳದೇ. ಸ್ಕೂಲ್ ಬಿಟ್ಟ ಮೇಲೆ ಯಾಕಮ್ಮನೂ ಇಲ್ಲೇ.

“ನಾನು ವಾರಕ್ಕೆ ಒಂದೇ ಸಲ ನೀರು ಹಾಕ್ತಿದ್ದೆ. ಇಲ್ಲಿ ನೋಡಿದ್ರೆ ಕುಂಡದೊಳಗೆ ಕೆರೆನೇ ಆಗಿದೆ,” ಎಂದು ಡಾಕ್ಟರಮ್ಮ ಸುತ್ತ ನೋಡಿದರು. ಕಿಟಕಿಯ ಹತ್ತಿರ ಅಕ್ಕ ನಿಂತಿದ್ದಳು.

ಕ್ಲಿನಿಕ್ ಗುಡಿಸಿ ಒರೆಸುವ ಅವಳನ್ನು ಡಾಕ್ಟರಮ್ಮನಿಂದ ಹಿಡಿದು ಪೇಷಂಟುಗಳವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಯಾರೂ ಹೇಳದಿದ್ದರೂ ಅವಳು ದಿನಾ ಒದ್ದೆ ಹತ್ತಿಯಿಂದ ಗಿಡಗಳ ಎಲೆ ಒರೆಸುತ್ತಿದ್ದಳು.

“ಅಕ್ಕಾ, ಬಾಯಿ ಮುಕ್ಕಳಿಸೋ ಕಪ್ಪಲ್ಲಿ ಉಳಿದ ನೀರನ್ನ ಇದಕ್ಕೆ ಸುರೀತಿದ್ರಾ?”

“ಇಲ್ಲ ಡಾಕ್ಟ್ರೇ. ನಾನು ಎಲೆ ಒರೆಸ್ತೀನಿ, ಅಷ್ಟೇ.”

“ಮತ್ತೆ ನೀರು ತಾನಾಗೇ ಬಂತಾ? ಗಿಡಗಳ ಹತ್ರ ಹೋಗೋದು ನೀವೊಬ್ರೇ. ಇನ್ಮೇಲೆ ದಯವಿಟ್ಟು ಯಾವುದನ್ನೂ ಮುಟ್ಟಬೇಡಿ.”

ಅಕ್ಕನ ಮುಖ ಸಪ್ಪಗಾಯಿತು. ಕೈಯಲ್ಲಿದ್ದ ಹತ್ತಿಯನ್ನು ಬುಟ್ಟಿಗೆ ಹಾಕಿ ಒಳಗೆ ಹೋದಳು.

ಸ್ಕೂಲಿನ ಬಾಟಲಿಯಲ್ಲಿ ಉಳಿದ ನೀರನ್ನು ದಿನಾ ಆ ಕುಂಡಕ್ಕೆ ಸುರಿಯುತ್ತಿದ್ದದ್ದು ಯಾಕಮ್ಮ! ಗಿಡಕ್ಕೆ ಬಾಯಾರಿರುತ್ತೆ, ಪಾಪ, ಅಂದುಕೊಂಡಿದ್ದಳು. ಈಗ “ನಾನೇ” ಎನ್ನಲು ಬಾಯಿ ತೆರೆದಳು. ಹೊರಗೆ ಬಂದದ್ದು ಬೇರೆಯೇ ಮಾತು.

“ಡಾಕ್ಟರ್ ಆಂಟಿ, ಎಸೀಬೇಡಿ. ನಂಗೆ ಕೊಡ್ತೀರಾ?”

“ಇದು ಬದುಕಲ್ಲ ಪುಟ್ಟಾ.”

“ಆದ್ರೂ ಕೊಡಿ.”

ಗಿಡ ಬದುಕಿಬಿಟ್ಟರೆ ಆಗ ಎಲ್ಲ ಹೇಳಬಹುದು, ಯಾರಿಗೂ ಕೋಪ ಬರುವುದಿಲ್ಲ. ಇದು ಯಾಕಮ್ಮನ ಲೆಕ್ಕಾಚಾರ.

ಕ್ಲಿನಿಕ್ಕಿನ ಕೆಳಗಡೆ ಬಣ್ಣದ ಮೀನಿನ ಅಂಗಡಿ. ಅಲ್ಲಿನ ಗಾಜಿನ ತೊಟ್ಟಿಗಳೆಲ್ಲ ದಿನವಿಡೀ ಗುಳುಗುಳು ಎನ್ನುತ್ತಿದ್ದುದರಿಂದ ಅಂಗಡಿಯವನಿಗೆ ಮಕ್ಕಳೆಲ್ಲ ಗುಳುಗುಳು ಮಾಮ ಅನ್ನುತ್ತಿದ್ದರು. ಅವನ ಮೀನಿನ ತೊಟ್ಟಿಗಳ ಮೇಲೆ ಮೂರು ಆರ್ಕಿಡ್ ಗಿಡಗಳು ಬೇರು ಇಳಿಬಿಟ್ಟುಕೊಂಡು ಆರಾಮವಾಗಿದ್ದವು.

ಮಾಮ ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿದ. ಬುಡವನ್ನು ಹೆಬ್ಬೆರಳಿನಿಂದ ಒತ್ತಿದ.

“ಬುಡ ಇನ್ನೂ ಗಟ್ಟಿ ಇದೆ. ಅಂದ್ರೆ ಪ್ರಾಣ ಇದೆ.”

ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಕೊಳೆತದ್ದನ್ನೆಲ್ಲ ಕತ್ತರಿಸಿದ. ಉದ್ದಕ್ಕಿದ್ದ ಹೂವಿನ ಕಡ್ಡಿಯನ್ನೂ ಕಚಕ್ಕೆಂದು ಕತ್ತರಿಸಿದ.

“ಅದ್ಯಾಕೆ? ಅದ್ರಲ್ಲಿ ಇನ್ನೂ ಎರಡು ಹೂವಿತ್ತು!”

“ಜ್ವರ ಬಂದೋರನ್ನ ಯಾರಾದ್ರೂ ಡಾನ್ಸ್ ಮಾಡು ಅಂತಾರಾ? ಇದ್ರ ಶಕ್ತಿಯೆಲ್ಲ ಈಗ ಬೇರಿಗೆ ಹೋಗಬೇಕು. ಒಂದು ದಿನ ಹಾಗೇ ಒಣಗ್ಲಿ. ಆಮೇಲೆ ಬಾಟಲಿಯ ಬಾಯಲ್ಲಿ ಕೂರಿಸು. ಕೆಳಗೆ ನೀರು.”

“ನೀರಾ? ಇದು ಕೊಳೆತಿದ್ದೇ ನೀರಿಂದ ಮಾಮ!”

ಮಾಮ ನಕ್ಕ. “ಕೊಳೆಸಿದ್ದು ಬರೀ ನೀರಲ್ಲ ಕಣಮ್ಮ. ಇದ್ರ ಅಜ್ಜ ಅಜ್ಜಿಯೆಲ್ಲ ಕಾಡಲ್ಲಿ ಮರದ ಕೊಂಬೆ ಮೇಲೆ ಬೆಳೀತಿದ್ದೋರು. ಬೇರು ಗಾಳೀಲೇ ಇರುತ್ತೆ. ಕುಂಡದಲ್ಲಿ ನೀರು ನಿಂತಾಗ ಬೇರಿಗೆ ಗಾಳಿ ಸಿಗಲಿಲ್ಲ, ಉಸಿರು ಕಟ್ಟಿತು. ನನ್ನ ಮೀನುಗಳಿಗೂ ಅಷ್ಟೇ. ನೀರಲ್ಲೇ ಇದ್ರೂ ಗಾಳಿಯ ಗುಳುಗುಳು ನಿಂತ್ರೆ ಒದ್ದಾಡ್ತವೆ. ಅದಕ್ಕೇ ಬುಡ ನೀರಿಗೆ ತಾಗಬಾರದು. ಒಂದು ಬೆರಳಷ್ಟು ಕೆಳಗಿರ್ಲಿ. ಆ ತಂಪಿಗೆ ಬೇರಿಗೆ ಇಣುಕಿ ನೋಡೋ ಆಸೆ ಹುಟ್ಟುತ್ತೆ.”

ಮರುದಿನ ಯಾಕಮ್ಮ ಮನೆಯ ಕಿಟಕಿಯಲ್ಲಿ ಗಾಜಿನ ಬಾಟಲಿ ಇಟ್ಟಳು. ಎಲೆಗಳು ಬಾಟಲಿಯ ಅಂಚಿಗೆ ಆತುಕೊಂಡವು. ಗಿಡ ಸ್ಟೂಲಿನ ಮೇಲೆ ಕೂತು ಕಾಲು ಇಳಿಬಿಟ್ಟ ಹಾಗಿತ್ತು. ಆದರೆ ಕಾಲೇ ಇರಲಿಲ್ಲ.

ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯತೊಡಗಿದಳು. ‘ಒಂದನೇ ದಿನ: ಏನೂ ಇಲ್ಲ. ಎರಡನೇ ದಿನ: ಏನೂ ಇಲ್ಲ. ನಾಲ್ಕನೇ ದಿನ: ಬೇರು ಬಂದಿದೆ!! (ಅಲ್ಲ, ಅದು ದಾರ.)’

ಹನ್ನೊಂದನೇ ದಿನ ಕೆಳಗಿನ ಎಲೆ ಹಳದಿಯಾಗಿ ಉದುರಿತು. ಗಾಬರಿಯಿಂದ ಅಂಗಡಿಗೆ ಓಡಿದಳು.

“ದಿನಕ್ಕೆ ಎಷ್ಟು ಸಲ ಎತ್ತಿ ನೋಡ್ತೀಯ?” ಮಾಮ ಕೇಳಿದ.

“ಜಾಸ್ತಿ ಇಲ್ಲ. ಏಳೆಂಟು ಸಲ.”

“ಹಲ್ಲು ಬಿದ್ದಾಗ ಹೊಸ ಹಲ್ಲು ಬಂತಾ ಅಂತ ನಿಮ್ಮಮ್ಮ ದಿನಕ್ಕೆ ಎಂಟು ಸಲ ನಿನ್ನ ಬಾಯಿ ಅಗಲಿಸಿ ನೋಡ್ತಿದ್ಲಾ? ಸುಮ್ನೆ ಬಿಡು. ವಾರಕ್ಕೊಮ್ಮೆ ನೀರು ಬದಲಾಯಿಸು. ಬೆಳಕಿರ್ಲಿ, ಸುಡುಬಿಸಿಲು ಬೇಡ.”

ಸುಮ್ಮನೆ ಬಿಡುವುದು ಎಷ್ಟು ಕಷ್ಟದ ಕೆಲಸ ಎಂದು ಯಾಕಮ್ಮನಿಗೆ ಆಗ ಗೊತ್ತಾಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಾಜಿನ ಹೊರಗಿಂದಲೇ ನೋಡುತ್ತಿದ್ದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಟಾರ್ಚ್ ಹಾಕಿ ನೋಡಿದಳು. ಅಪ್ಪನ ಕನ್ನಡಕ ಹಾಕಿಕೊಂಡು ನೋಡಿದಾಗ ಮಾತ್ರ ಗಿಡದ ಜೊತೆಗೆ ಕಿಟಕಿಯೂ ತಿರುಗಿತು.

ಐದು ವಾರ ಕಳೆದವು. ಒಂದು ಶನಿವಾರ ಬೆಳಗ್ಗೆ ಬುಡದ ಪಕ್ಕದಲ್ಲಿ ಏನೋ ಉಬ್ಬಿದ ಹಾಗೆ ಕಂಡಿತು. ಅಕ್ಕಿಕಾಳಿಗಿಂತ ಸಣ್ಣದು. ತುದಿಯಲ್ಲಿ ಹೊಳೆಯುವ ಹಸಿರು. ದಾರವಲ್ಲ, ಧೂಳಲ್ಲ. ಬೇರು! ನಿಜವಾದ ಬೇರು!

ಯಾಕಮ್ಮ ಬಾಟಲಿಯನ್ನು ಎದೆಗೊತ್ತಿಕೊಂಡು ಅಮ್ಮನ ಜೊತೆ ಕ್ಲಿನಿಕ್ಕಿಗೆ ಹೊರಟಳು. ಬಾಗಿಲು ತೆರೆದ ಕೂಡಲೇ ಸಿಕ್ಕಿದ್ದು ಅಕ್ಕ. ನೆಲ ಒರೆಸುತ್ತಿದ್ದಳು.

“ಅಕ್ಕಾ, ಅಕ್ಕಾ, ನೋಡು! ಬೇರು ಬಂತು! ಹಿಡ್ಕೋ, ಬೆಳಕಿಗೆ ಹಿಡಿದು ನೋಡು!”

ಅಕ್ಕನ ಮುಖ ಅರಳಿತು. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು. ಅರ್ಧದಲ್ಲೇ ನಿಲ್ಲಿಸಿದಳು. ಡಾಕ್ಟರಮ್ಮನ ಕೋಣೆಯ ಕಡೆ ಒಮ್ಮೆ ನೋಡಿ, ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

“ಬೇಡ ಪುಟ್ಟಾ. ನಾನು ಮುಟ್ಟಲ್ಲ. ನೀನೇ ಹಿಡ್ಕೊಂಡು ತೋರ್ಸು.”

ಯಾಕಮ್ಮ ಬಾಟಲಿ ಹಿಡಿದು ನಿಂತಳು. ಅಕ್ಕ ಬಗ್ಗಿ ನೋಡಿ, “ಎಷ್ಟು ಚೆನ್ನಾಗಿದೆ!” ಎಂದಳು. ಅವಳ ಹಿಂದೆ ಕಿಟಕಿಯಲ್ಲಿ ಉಳಿದ ಗಿಡಗಳಿದ್ದವು. ಅವುಗಳ ಎಲೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿತ್ತು. ದಿನಾ ಇಲ್ಲಿಗೇ ಬರುತ್ತಿದ್ದರೂ ಯಾಕಮ್ಮ ಅದನ್ನು ನೋಡಿರಲಿಲ್ಲ. ಐದು ವಾರ ಅವಳು ಒಂದೇ ಗಿಡವನ್ನು ನೋಡಿದ್ದಳು.

ಅವಳು ಸೀದಾ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ಪೇಷಂಟ್ ಇನ್ನೂ ಬಂದಿರಲಿಲ್ಲ.

“ನೀರು ಹಾಕಿದ್ದು ಅಕ್ಕ ಅಲ್ಲ. ನಾನು. ದಿನಾ. ಬಾಟಲಿಯಲ್ಲಿ ಉಳಿದಿದ್ದನ್ನ.”

ಡಾಕ್ಟರಮ್ಮ ಗ್ಲೌಸ್ ಹಾಕಿಕೊಳ್ಳುತ್ತಿದ್ದವರು ನಿಂತರು. ಬೇರನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

ಊರಿನವರನ್ನೆಲ್ಲ ಯಾಕೆ ಯಾಕೆ ಎಂದು ಕೇಳುವವಳು ಈ ಸಲ ತಾನೇ ಯಾಕೆಗೆ ಉತ್ತರ ಹೇಳಬೇಕಿತ್ತು.

“ಗಿಡ ಬದುಕಿದ ಮೇಲೆ ಹೇಳೋಣ ಅಂತ... ಆಗ ಯಾರೂ ಬೈಯಲ್ಲ ಅಂತ...”

ಡಾಕ್ಟರಮ್ಮ ಬೈಯಲಿಲ್ಲ. ಗ್ಲೌಸ್ ಕಳಚಿಟ್ಟು ಹೊರಗೆ ಬಂದರು. “ಅಕ್ಕಾ, ನನ್ನದು ತಪ್ಪಾಯ್ತು. ನೀವು ಇಲ್ಲ ಅಂದಾಗಲೇ ನಾನು ನಂಬಬೇಕಿತ್ತು.”

“ಆಗ್ಲಿ ಬಿಡಿ ಡಾಕ್ಟ್ರೇ,” ಎಂದಳು ಅಕ್ಕ. ಆಮೇಲೆ ಯಾಕಮ್ಮನ ಕಡೆ ತಿರುಗಿದಳು. “ನನ್ನ ಹತ್ರನಾದ್ರೂ ಒಂದು ಮಾತು ಹೇಳಬಾರದಿತ್ತೇನೇ? ನಾನೇನು ನಿನ್ನ ನುಂಗಿಬಿಡ್ತಿದ್ನಾ?”

ಅಷ್ಟು ಹೇಳಿ ಬಕೆಟ್ ಎತ್ತಿಕೊಂಡು ಹೋದಳು. ಮುಂದಿನ ಸೋಮವಾರ ಯಾಕಮ್ಮ ಕರೆದರೆ “ಹ್ಞೂಂ” ಅಂದಳು ಅಷ್ಟೇ. ಮಂಗಳವಾರವೂ ಬರೀ “ಹ್ಞೂಂ”. ಯಾಕಮ್ಮ ಸಾರಿ ಎಂದು ಬರೆದು ಚೀಟಿ ಕೊಟ್ಟಳು. ಅಕ್ಕ ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಧೂಳು ಕೂತ ಗಿಡಗಳ ಎಲೆಗಳು ಮಾತ್ರ ಆ ವಾರವೇ ಮತ್ತೆ ಹೊಳೆಯತೊಡಗಿದವು.

ಬೇರುಗಳು ಮೂರಾದವು. ಕಿರುಬೆರಳಷ್ಟು ಉದ್ದವಾದವು. ಗುಳುಗುಳು ಮಾಮ ಒಂದು ಚೀಲದ ತುಂಬ ಗೋಲಿಯಂಥ ಸುಟ್ಟ ಮಣ್ಣಿನ ಗುಂಡುಗಳನ್ನು ಕೊಟ್ಟ. “ಇನ್ನು ಇದ್ರಲ್ಲಿ ನೆಡು. ಚೆನ್ನಾಗಿ ತೊಳೀಬೇಕು. ತಳದಲ್ಲಿ ಎರಡು ಬೆರಳು ನೀರಿದ್ರೆ ಸಾಕು, ಗುಂಡುಗಳೇ ಮೇಲಕ್ಕೆ ಎಳ್ಕೊಳ್ತವೆ. ಮಧ್ಯದ ಸಂದಿಯಲ್ಲಿ ಗಾಳಿ.”

ಯಾಕಮ್ಮ ಕ್ಲಿನಿಕ್ಕಿನ ಹಿಂದಿನ ನಲ್ಲಿಯ ಹತ್ತಿರ ಕೂತು ಗುಂಡು ತೊಳೆಯತೊಡಗಿದಳು. ಎಷ್ಟು ತೊಳೆದರೂ ಕೆಂಪು ನೀರೇ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಬಕೆಟ್ ಬಂದು ಕೂತಿತು. ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತಳು.

“ಹೀಗಲ್ಲ. ಬೇಳೆ ತೊಳೆದ ಹಾಗೆ ತಿರುಗಿಸಿ ತೊಳೀಬೇಕು,” ಎಂದಳು.

ಇಬ್ಬರೂ ತೊಳೆದರು. ಅಕ್ಕ ಗಿಡವನ್ನು ಗಾಜಿನ ಪಾತ್ರೆಯ ನಡುವೆ ಹಿಡಿದುಕೊಂಡಳು. ಯಾಕಮ್ಮ ಬೇರುಗಳಿಗೆ ನೋವಾಗದ ಹಾಗೆ ಸುತ್ತಲೂ ಒಂದೊಂದೇ ಗುಂಡು ಇಳಿಸಿದಳು.

“ಹೂ ಯಾವಾಗ ಬಿಡುತ್ತಂತೆ?” ಅಕ್ಕ ಕೇಳಿದಳು.

“ಒಂದು ವರ್ಷ ಆಗಬಹುದಂತೆ. ಎರಡು ವರ್ಷನೂ ಆಗಬಹುದಂತೆ.”

“ಆಗ್ಲಿ ಬಿಡು. ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಇರ್ತೀನಲ್ಲ.”

ಯಾಕಮ್ಮ ತಲೆಯೆತ್ತಿ ಅಕ್ಕನನ್ನು ನೋಡಿದಳು. ಬಕೆಟ್ಟಿಗೆ ಕೈ ಹಾಕಿ, ಚೆನ್ನಾಗಿ ತೊಳೆದ ಇನ್ನೊಂದು ಗುಂಡನ್ನು ಹುಡುಕಿ ತೆಗೆದು, ಅಕ್ಕನ ಬೆರಳುಗಳ ಪಕ್ಕದಲ್ಲಿ ಮೆಲ್ಲಗೆ ಇಟ್ಟಳು.