ಬೆಲ್ಲ ಮುಟ್ಟದ ಗಂಡ

ಕನ್ಯಾ ನೋಡಲು ಬಂದವನು ಬೆಲ್ಲದ ತಟ್ಟೆಯನ್ನು ಕೈಯಿಂದ ಹಿಂದಕ್ಕೆ ಸರಿಸಿಬಿಟ್ಟ!

ಖಜೂರಿ ಊರಿನ ಆ ಪಡಸಾಲೆಯಲ್ಲಿ ಕೂತಿದ್ದ ಹತ್ತು ಮಂದಿಯ ಮಾತು ಒಮ್ಮೆಲೇ ನಿಂತುಹೋಯಿತು. ಹುಡುಗಿ ತಂದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರೆ ಒಪ್ಪಿಗೆ, ಬಿಟ್ಟರೆ ಒಲ್ಲೆ. ಅವರ ಮಂದಿಯಲ್ಲಿ ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಂದ್ರಾಮ ತಂಬಿಗೆ ಎತ್ತಿ ಗಟಗಟ ನೀರಷ್ಟೇ ಕುಡಿದ. ಆಮೇಲೆ ರೇವಮ್ಮನ ಮುಖವನ್ನು ಒಂದೇ ಒಂದು ಸಲ ನೋಡಿದ... ಏನೋ ತಪ್ಪು ಮಾಡಿದವನ ಹಾಗೆ.

ರೇವಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ‘ಒಲ್ಲೆ ಅನ್ನುವುದಿದ್ದರೆ ಬಾಯಿಬಿಟ್ಟು ಅನ್ನಬೇಕು. ಹತ್ತು ಜನರ ಮುಂದೆ ಹೀಗೆ ಮಾನ ಕಳೆಯುವುದು ಯಾವ ಗಂಡಸುತನ?’

ಇದು ೧೯೩೨ರ ಮಾತು. ತೀರಿಹೋದ ಗಂಡನನ್ನು ನೆನೆಯಲು ಕೂತಾಗಲೆಲ್ಲ ಮುಪ್ಪಿನ ರೇವಮ್ಮ ಕಥೆಯನ್ನು ಇಲ್ಲಿಂದಲೇ ಶುರುಮಾಡುತ್ತಿದ್ದಳು. ಆಗಲೂ ಆಕೆಯ ಮುಖ ಕೆಂಪಗಾಗುತ್ತಿತ್ತು.

ಅಂದು ಚಂದ್ರಾಮ ಅವಳಪ್ಪನನ್ನು ದನದ ಕೊಟ್ಟಿಗೆಗೆ ಕರೆದೊಯ್ದು ಬಹಳ ಹೊತ್ತು ಏನೋ ಮಾತಾಡಿದ್ದ. ಮೂರು ದಿನಕ್ಕೆ ಅಪ್ಪ ಸಂಬಂಧ ಗಟ್ಟಿ ಎಂದ. ಹಾಗಾದರೆ ಬೆಲ್ಲ ಯಾಕೆ ಮುಟ್ಟಲಿಲ್ಲ ಎಂದು ಅವ್ವ ಕೇಳಿದ್ದಕ್ಕೆ, ಏನೋ ಹರಕೆ ಇದ್ದೀತು ಬಿಡು ಎಂದು ಮೀಸೆ ತಿರುವಿದ. ಹದಿನೇಳರ ಹುಡುಗಿಯನ್ನು ಕೇಳುವವರು ಯಾರಿದ್ದರು?

ಲಗ್ನವಾಯಿತು. ರೇವಮ್ಮ ಗಂಡನ ಊರು ಕರಜಗಿಗೆ ಬಂದಳು.

ವಿಚಿತ್ರ ನೋಡಿ, ಬೆಲ್ಲ ಒಲ್ಲೆನೆಂದವನ ಕೆಲಸವೇ ಬೆಲ್ಲ ಮಾಡುವುದು! ಬಾವಿಯ ಬದಿಗೆ ಎರಡು ಎಕರೆ ಕಬ್ಬು, ಅಲ್ಲೇ ಗಾಣ. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಕಣ್ಣಿನಿಂದಲೇ ಹೇಳುವ ಚಂದ್ರಾಮ, ಬೆರಳಿಗೆ ಮೆತ್ತಿದ್ದನ್ನು ಕೂಡ ನೆಕ್ಕುತ್ತಿರಲಿಲ್ಲ.

ದ್ವೇಷ ಮಾಡೋಣವೆಂದರೆ ಆ ಮನುಷ್ಯ ಅದಕ್ಕೂ ಜಾಗ ಕೊಡಲಿಲ್ಲ. ಹಾಸಿಗೆ ಹಿಡಿದ ತಾಯಿಗೆ ಕೊನೆಯ ದಿನದವರೆಗೂ ತಾನೇ ಸ್ನಾನ ಮಾಡಿಸಿದ. ಇಬ್ಬರು ತಂಗಿಯರನ್ನು ಒಳ್ಳೆಯ ಮನೆ ಸೇರಿಸಿದ. ರೇವಮ್ಮನಿಗೆ ಜ್ವರ ಬಂದರೆ ತಾನೇ ರೊಟ್ಟಿ ಬಡಿಯುತ್ತಿದ್ದ, ಅದೂ ಅವಳದಕ್ಕಿಂತ ದುಂಡಗೆ. ಮಗಳು ಹುಟ್ಟಿದ ಮೇಲಂತೂ ಅದನ್ನು ಹೆಗಲಿಂದ ಇಳಿಸಿದ್ದೇ ಕಡಿಮೆ.

ಆದರೆ ಹಬ್ಬ ಬಂತೆಂದರೆ ಎದೆಯಲ್ಲಿ ಮತ್ತೆ ಅದೇ ಮುಳ್ಳು.

ರೇವಮ್ಮ ಹೂರಣ ರುಬ್ಬಿ, ಹೋಳಿಗೆ ಮಾಡಿ, ಮೇಲೆ ತುಪ್ಪ ಹಾಕಿ ಅವನ ತಾಟಿನಲ್ಲಿ ಇಡುವಳು. ‘ಇವತ್ತಾದರೂ ನನ್ನ ಕೈಯಿಂದ ತಿಂದಾನು...’ ಅವನ ಮುಖ ಸಪ್ಪಗಾಗುವುದು. ಮಾತಿಲ್ಲದೆ ಹೋಳಿಗೆಯನ್ನು ಮಗಳ ತಾಟಿಗೆ ಸರಿಸಿ, ಅರ್ಧ ಊಟಕ್ಕೇ ಎದ್ದುಹೋಗುವನು. ಅವಳಿಗೂ ಹಠ. ಮುಂದಿನ ಹಬ್ಬಕ್ಕೆ ಒಂದರ ಬದಲು ಎರಡು ಇಡುವಳು.

ಸಾಲದ್ದಕ್ಕೆ ತಿಂಗಳಿಗೊಮ್ಮೆ ಅಫಜಲಪುರಕ್ಕೆ ಹೋಗಿಬರುತ್ತಿದ್ದ. ಯಾಕೆ ಎಂದು ಇವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅಲ್ಲಿ ಯಾವಳೋ ಇದ್ದಾಳೆ, ಲಗ್ನಕ್ಕೆ ಮೊದಲಿನ ನಂಟು ಎಂದು ಪಕ್ಕದ ಮನೆಯ ಸಾಬವ್ವ ಕಿವಿಯಲ್ಲಿ ಊದಿದಳು. ರೇವಮ್ಮ ಅವಳ ಬಾಯಿ ಮುಚ್ಚಿಸಿದಳೇನೋ ನಿಜ, ಮನಸ್ಸನ್ನು ಮುಚ್ಚಿಸಲಾಗಲಿಲ್ಲ.

ಹೀಗೇ ಆರು ವರ್ಷ.

ಆ ಚಳಿಗಾಲದ ಒಂದು ಬೆಳಿಗ್ಗೆ ರೇವಮ್ಮ ಬುತ್ತಿ ಹಿಡಿದು ಗಾಣಕ್ಕೆ ಬಂದಳು. ಚಂದ್ರಾಮ ಕುದಿಯುವ ಕೊಪ್ಪರಿಗೆಯ ಬಳಿ ನಿಂತಿದ್ದ. ಮಗಳು ಉಂಡಳೋ ಇಲ್ಲವೋ ಎಂದು ವಿಚಾರಿಸಿದ.

ಅಷ್ಟರಲ್ಲಿ ಚರ್ಮ ಸುಟ್ಟ ವಾಸನೆ ಅವಳ ಮೂಗಿಗೆ ಬಡಿಯಿತು.

ರೇವಮ್ಮ ಕೆಳಗೆ ನೋಡಿದಳು. ಒಲೆಯಿಂದ ಉರುಳಿದ ಕೆಂಡದ ಮೇಲೆ ಗಂಡನ ಬರಿಗಾಲು! ಹೊಗೆ ಏಳುತ್ತಿದೆ... ಅವನು ನಗುತ್ತಾ ಮಾತಾಡುತ್ತಲೇ ಇದ್ದಾನೆ.

ಬುತ್ತಿ ಎಸೆದು ಅವನನ್ನು ಎರಡೂ ಕೈಯಿಂದ ನೂಕಿದಳು. ಕಬ್ಬಿನ ಸಿಪ್ಪೆಯ ಮೇಲೆ ಬಿದ್ದ ಚಂದ್ರಾಮ ತನ್ನ ಅಂಗಾಲನ್ನು ತಿರುಗಿಸಿ ನೋಡಿಕೊಂಡ. ಅವನಿಗೆ ಆಶ್ಚರ್ಯವಾಗಲಿಲ್ಲ, ಭಯವಾಯಿತು.

ಏನೂ ಇಲ್ಲ, ವಾಸಿಯಾಗುತ್ತದೆ ಎಂದು ಎಂಟು ದಿನ ತಳ್ಳಿದ. ಒಂಬತ್ತನೆಯ ದಿನ ಕಾಲು ಕಪ್ಪಾಗಿತ್ತು. ರೇವಮ್ಮ ಇನ್ನು ಅವನನ್ನು ಕೇಳಲಿಲ್ಲ. ಮಗಳನ್ನು ಸಾಬವ್ವನಿಗೆ ಒಪ್ಪಿಸಿ, ನಸುಕಿನಲ್ಲೇ ಗಾಡಿ ಕಟ್ಟಿಸಿ, ಅಫಜಲಪುರಕ್ಕೆ ಹೊಡೆಸಿದಳು. ಹಕೀಮ ಬುರಾನುದ್ದೀನರ ಮನೆಯ ದಾರಿಯನ್ನು ಗಾಡಿಯವನಿಗೆ ತೋರಿಸಿದವನು ಚಂದ್ರಾಮನೇ.

ಮುದುಕ ಹಕೀಮರು ಬಟ್ಟೆ ಬಿಚ್ಚಿ ನೋಡಿ ಕಣ್ಣು ಮುಚ್ಚಿಕೊಂಡರು.

“ಎಷ್ಟು ಸಲ ಹೇಳೇನಿ ಚಂದ್ರಾಮ, ಸಕ್ರಿ ರೋಗದಾಗ ಕಾಲಿನ ಖಬರ ಹೋಗ್ತದ, ಬರಿಗಾಲಿಲೆ ನಿಂದರಬ್ಯಾಡ ಅಂತ. ಇನ್ನ ನನ್ನ ಪುಡಿ ನಡಿಯಂಗಿಲ್ಲ. ಇವತ್ತೇ ಸೊಲ್ಲಾಪುರದ ದವಾಖಾನಿಗೆ ಹೋಗ್ರಿ. ಪಾದ ತೆಗೀತಾರ. ಪಾದ ಉಳಿಸ್ತೇನಿ ಅಂದ್ರ ಜೀವ ಹೋಗ್ತದ.”

“ಸಕ್ರಿ ರೋಗ ಯಾರಿಗ್ರಿ?” ಎಂದಳು ರೇವಮ್ಮ.

ಹಕೀಮರು ಚಂದ್ರಾಮನತ್ತ ನೋಡಿದರು. ಚಂದ್ರಾಮ ಹೆಂಡತಿಯತ್ತ ತಿರುಗಿದ.

“ನಿಮ್ಮಪ್ಪ ನಿನಗ ಹೇಳಿಲ್ಲೇನು?”

ಆಗ ಹೊರಬಿತ್ತು ಕೊಟ್ಟಿಗೆಯ ಮಾತು. ತನಗೆ ಇಂಥ ರೋಗವಿದೆ, ಎಷ್ಟು ವರ್ಷದ ಬಾಳೋ ತಿಳಿಯದು, ಮಗಳಿಗೆ ಎಲ್ಲ ಹೇಳಿ, ಅವಳು ಹ್ಞೂಂ ಅಂದರೆ ಮಾತ್ರ ಸುದ್ದಿ ಕಳಿಸಿ ಎಂದು ಚಂದ್ರಾಮ ಅಂದು ಕೈಮುಗಿದು ಹೇಳಿದ್ದ. ಮಗಳು ಎಲ್ಲ ತಿಳಿದೇ ಒಪ್ಪಿದ್ದಾಳೆ ಎಂದು ಮೂರನೆಯ ದಿನ ಸುದ್ದಿ ಬಂದಿತ್ತು. ತಿಂಗಳಿಗೊಮ್ಮೆ ಅವನು ಅಫಜಲಪುರಕ್ಕೆ ಬರುತ್ತಿದ್ದುದು ಹಕೀಮರ ನೇರಳೆ ಬೀಜದ ಪುಡಿಗಾಗಿ.

ಬಾಯಿತುಂಬ ಸುಳ್ಳು ಹೇಳಿದ್ದ ಅಪ್ಪ! ಮನೆಯಲ್ಲಿ ಇನ್ನೂ ಮೂರು ಹೆಣ್ಣುಮಕ್ಕಳು ಕೂತಿದ್ದರಲ್ಲ, ಒಂದಾದರೂ ದಾಟಲಿ ಎಂದು.

ರೇವಮ್ಮ ಗಂಡನತ್ತ ತಿರುಗಿದಳು. “ಮತ್ತ ಹಬ್ಬದಾಗ ನಾ ಹೋಳಿಗಿ ಇಟ್ಟಾಗ ನೀವು ಏನಂತ ತಿಳಿದಿದ್ರಿ?”

ಅವನು ತಲೆ ತಗ್ಗಿಸಿದ. “ಇಕಿಗೆ ನನ್ನ ಸಂಗಾಟ ಬ್ಯಾಸರಾಗೇದ, ಲಗೂ ಹೋಗ್ಲಿ ಅಂತ ಇಡ್ತಾಳ ಅಂತ.”

ರೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆರು ವರ್ಷ! ಅವಳು ಪ್ರೀತಿಯೆಂದು ಬಡಿಸಿದ್ದನ್ನು ಅವನು ವಿಷವೆಂದು ತಿಳಿದಿದ್ದ. ಹಾಗೆ ತಿಳಿದೂ, ಜ್ವರ ಬಂದಾಗ ಅವಳಿಗೆ ರೊಟ್ಟಿ ಬಡಿದು ಹಾಕಿದ್ದ...

ಅಳಲು ಹೊತ್ತಿರಲಿಲ್ಲ. ಸೊಲ್ಲಾಪುರದ ರೈಲು ಸಂಜೆಗೆ ದುಧನಿ ಸ್ಟೇಷನ್ನಿಗೆ ಬರುತ್ತದೆ, ಅದು ತಪ್ಪಿದರೆ ನಾಳೆಯೇ ಎಂದರು ಹಕೀಮರು. ಗಾಡಿ ದುಧನಿಯತ್ತ ತಿರುಗಿತು.

ಸ್ಟೇಷನ್ನಿನ ಬೇವಿನ ಮರದ ಕೆಳಗೆ ಚಂದ್ರಾಮ ಕೂತವನು ಏಳಲೇ ಇಲ್ಲ. ರೈಲು ಹತ್ತುವುದಿಲ್ಲ ಎಂದುಬಿಟ್ಟ.

“ನೀ ಮೋಸದಾಗ ಬಂದಾಕಿ. ಈ ದಾರಿ ಮುಂದ ಖಜೂರಿಗೆ ಹೋಗ್ತದ. ತವರಿಗೆ ಹೋಗು, ಮಗಳನ್ನ ಆಮ್ಯಾಲ ಕರಿಸ್ಕೋ, ಯಾರೂ ನಿನಗ ತಪ್ಪು ಹಚ್ಚಂಗಿಲ್ಲ. ಕಾಲ ಕಡಿಸಿಕೊಂಡು ಬಂದು ನಿನ್ನ ಕೊರಳಿಗೆ ನಾ ಬೀಳಂಗಿಲ್ಲ.”

ದೂರದಲ್ಲಿ ಸಿಗ್ನಲ್ಲಿನ ಕೈ ಇಳಿಯಿತು. ಜನ ಗಂಟುಮೂಟೆ ಎತ್ತಿಕೊಂಡು ಎದ್ದರು. ಇವನ ಮಾತಿಗೆ ಮಾತು ಜೋಡಿಸುತ್ತಾ ಕೂತರೆ ರೈಲು ಹೋಗುತ್ತದೆ, ಅದರ ಸಂಗಡ ಇವನ ಜೀವವೂ ಹೋಗುತ್ತದೆ ಎಂದು ರೇವಮ್ಮನಿಗೆ ಗೊತ್ತಿತ್ತು.

“ಒಂದು ಖರೇ ಮಾತು ಹೇಳು,” ಎಂದ ಚಂದ್ರಾಮ. “ನಿಮ್ಮಪ್ಪ ಅವತ್ತ ಹೇಳಿದ್ದರ ನೀ ಹ್ಞೂಂ ಅಂತಿದ್ದೇನು?”

ಸುಳ್ಳು ಬಾಯಿಯ ತನಕ ಬಂದಿತ್ತು. ಒಂದು ಸುಳ್ಳಿನಿಂದ ಆರು ವರ್ಷ ಹಾಳಾದದ್ದು ಸಾಕೆನಿಸಿತು ಅವಳಿಗೆ.

“ಇಲ್ರಿ. ಒಲ್ಲೆ ಅಂತಿದ್ದೆ.”

ಅವನ ಮುಖ ಬಿಳುಚಿತು. ರೇವಮ್ಮ ಅವನ ಎದುರು ಮಣ್ಣಿನಲ್ಲೇ ಕೂತಳು.

“ಅವತ್ತ ನನ್ನ ಯಾರೂ ಕೇಳಲಿಲ್ಲ. ಇವತ್ತ ನೀವು ಕೇಳ್ರಿ.”

ಆಮೇಲೆ ಚಂದ್ರಾಮ ಒಂಬತ್ತು ವರ್ಷ ಬದುಕಿದ. ಕಟ್ಟಿಗೆಯ ಕಾಲಿನ ಮೇಲೆ ನಿಂತು ಪಾಕ ನೋಡಿದ, ಮಗಳಿಗೆ ಅಕ್ಷರ ಕಲಿಸಿದ. ಹಬ್ಬದ ದಿನ ಗಂಡಹೆಂಡತಿ ಒಂದೇ ತಾಟಿನಲ್ಲಿ ಜೋಳದ ರೊಟ್ಟಿ ತಿಂದರು. ಅವನು ತೀರಿಕೊಂಡಾಗ ಇಡೀ ಕರಜಗಿ ಅತ್ತಿತು. ಇಷ್ಟೆಲ್ಲ ಹೇಳಿಯಾದ ಮೇಲೆ ರೇವಮ್ಮ ಪ್ರತಿಸಲ ಮತ್ತೆ ಆ ಸಂಜೆಗೇ ಬರುತ್ತಿದ್ದಳು. ರೈಲಿನ ಸದ್ದು ಹತ್ತಿರವಾಗುತ್ತಿತ್ತು ಎನ್ನುವಳು, ಅವನು ಮೊದಲು ಬೆವರು ಒರೆಸಿಕೊಂಡ ಎನ್ನುವಳು.

“ನನಗ ಸಕ್ರಿ ರೋಗ ಅದ,” ಎಂದನಂತೆ ಚಂದ್ರಾಮ. “ಕಾಲ ಒಂದು ಹೋಗ್ತದ. ಎಷ್ಟು ದಿನಾ ಇರ್ತೇನಿ, ಹೇಳಾಕ ಬರಂಗಿಲ್ಲ. ನನ್ನ ಸಂಗಾಟ ಬಾಳೇವು ಮಾಡ್ತಿ ಏನು?”

“ಮಾಡ್ತೇನ್ರಿ,” ಎಂದು ರೇವಮ್ಮ ಹೆಗಲು ಕೊಟ್ಟಳು. “ಈಗ ಏಳ್ರಿ.”